ನಿರಿಗೆ ಒಂದು ಹೆಚ್ಚಾದಾಗ

ನಮ್ಮ ಆಸ್ಪತ್ರೆಯಲ್ಲಿ ತೂಕ ಹೆಚ್ಚಿಸುವ ಕೆಲಸ ಎಲ್ಲರಿಗೂ ಗೊತ್ತಿತ್ತು. ಹಾಲು ಬಿಡಿಸಿದ ಮೇಲೆ ಸೊರಗಿದ ಮಕ್ಕಳಿಗೆ ಶೇಂಗಾ ಬೆಲ್ಲದ ಉಂಡಿ, ಟೈಫಾಯ್ಡ್ ಬಂದು ಎದ್ದವರಿಗೆ ಮೆತ್ತಗಿನ ಅನ್ನ, ಬಾಣಂತಿಯರಿಗೆ ತುಪ್ಪ ಹಾಕಿದ ನುಚ್ಚು. ಇವನ್ನು ಅಳೆದು ಮಾಡಿಸುವುದು, ವಾರ್ಡಿಗೆ ಕಳಿಸುವುದು, ತಟ್ಟೆಯಲ್ಲಿ ಎಷ್ಟು ಉಳಿದು ಬಂತು ಎಂದು ನೋಡುವುದು ನನ್ನ ಕೆಲಸ. ಹಾನಗಲ್ಲಿನ ಆ ಧರ್ಮಾರ್ಥ ಆಸ್ಪತ್ರೆಯ ಅಡುಗೆಮನೆ ನನ್ನ ಸುಪರ್ದಿಗೆ ಬಂದು ಎರಡನೆಯ ಮಳೆಗಾಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಒಂದು ಮುಂಜಾನೆ ಹಿರಿಯ ಡಾಕ್ಟರು ಕರೆಸಿದರು.

“ಬಾಯಾರ, ಇಷ್ಟು ದಿನ ಮಂದೀನ ದಪ್ಪ ಮಾಡಿದ್ರಿ. ಈಗ ನಿಮಗೊಂದು ಉಲ್ಟಾ ಕೆಲಸ ಬಂದದ.”

ಅವರ ಎದುರಿನ ಬೆಂಚಿನ ಮೇಲೆ ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ಕುಳಿತಿದ್ದರು. ಅಕ್ಕಿಆಲೂರಿನವರು. ವೈಷ್ಣವರ ದೊಡ್ಡ ಮನೆಯ ಹಿರಿಯ ಸೊಸೆ. ಯಜಮಾನರು ಹಾನಗಲ್ಲಿನ ಕೋರ್ಟಿನಲ್ಲಿ ವಕೀಲರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮೈದುನರು, ಅವರ ಹೆಂಡಂದಿರು, ಮಕ್ಕಳು ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಸ್ವಲ್ಪ ದಿನಕ್ಕೆ ಆಸ್ಪತ್ರೆಯಲ್ಲಿ ನಮಗೂ ಅವರು ವೈನಿಯಾದರು.

ನಾಲ್ಕು ಹೆರಿಗೆಯಾದ ಮೈ. ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಅಂಗಾತ ಮಲಗಿದರೆ ಒಳಗೆ ಹೋಗುತ್ತಿತ್ತು. ಹರ್ನಿಯಾ. ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಸರ್ಜನ್ ಹಿಂದಿನ ವಾರ ನೋಡಿ, ಹೊಟ್ಟೆಯ ಮೇಲೆ ಇಷ್ಟು ಕೊಬ್ಬು ಇರುವಾಗ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ, ಮತ್ತೆ ಬಿಚ್ಚಿಕೊಳ್ಳುತ್ತದೆ ಎಂದಿದ್ದರು. “ಹತ್ತು ಕಿಲೋ ಇಳಿಸಿ ಕರಕೊಂಡು ಬರ್ರಿ, ಅವತ್ತೇ ಮಾಡಿಬಿಡ್ತೇನಿ” ಎಂದು ಹೇಳಿ ಹೋಗಿದ್ದರು. ಹಾಗೆಂದು ಬಹಳ ದಿನ ಕಾಯುವಂತೆಯೂ ಇರಲಿಲ್ಲ. ಕರುಳಿನ ಸುರುಳಿ ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಕೆಲವೇ ತಾಸಿನಲ್ಲಿ ಹೊಟ್ಟೆ ತೆರೆಯಬೇಕಾಗುತ್ತದೆ. ಹಾನಗಲ್ಲಿನಲ್ಲಿ ಸರ್ಜನ್ ಇರಲಿಲ್ಲ. ಹುಬ್ಬಳ್ಳಿಗೆ ಹೋಗುವ ರಸ್ತೆ ಆ ವರ್ಷ ತಡಸದ ಹತ್ತಿರ ಪೂರಾ ಕೆಟ್ಟಿತ್ತು.

ನನ್ನ ಕಾಲೇಜಿನ ಪುಸ್ತಕದಲ್ಲಿ ತೂಕ ಇಳಿಸುವ ಮಾದರಿ ಊಟ ಒಂದು ಪುಟದಷ್ಟಿತ್ತು. ಟೋಸ್ಟ್, ಕೆನೆ ತೆಗೆದ ಹಾಲು, ಬೇಯಿಸಿದ ಎಲೆಕೋಸು. ಅಕ್ಕಿಆಲೂರಿನ ಸುತ್ತ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿ. ಅಲ್ಲಿಯ ಮನೆಯಲ್ಲಿ ಮೂರು ಹೊತ್ತೂ ಅನ್ನ. ಹಾಗಾಗಿ ಪುಸ್ತಕ ಮುಚ್ಚಿಟ್ಟು ವೈನಿಯ ಮನೆಯ ಊಟವನ್ನೇ ಕೇಳಿ ತಿಳಿದುಕೊಂಡೆ. ಅವರು ಬಳಸುವ ಸೌಟು, ಬಟ್ಟಲುಗಳನ್ನು ತರಿಸಿ ಅನ್ನ ತುಂಬಿ ತೂಗಿದೆ. ಹಗಲು ಎರಡು ಸೌಟು ಅನ್ನ, ಸಂಜೆ ಅನ್ನದ ಬದಲು ಜೋಳದ ಭಕ್ಕರಿ, ಪಲ್ಲೆ ಬೇಕಾದಷ್ಟು, ತುಪ್ಪ ಚಹಾದ ಚಮಚದಲ್ಲಿ ಒಂದೇ, ಶೇಂಗಾ ಚಟ್ನಿಯ ಜಾಗದಲ್ಲಿ ಕೊಸಂಬರಿ. ಕರಿದದ್ದು, ಸಿಹಿ ಸದ್ಯಕ್ಕೆ ಬೇಡ. ಒಂದೊಂದನ್ನೂ ಬಾಯಿಪಾಠ ಮಾಡಿಸಿದೆ.

ವೈನಿ ತದೇಕಚಿತ್ತದಿಂದ ಕೇಳಿದರು.

“ಏನೇನು ತಿನ್ನಬಾರದು ಅಷ್ಟು ಮತ್ತೊಮ್ಮೆ ಹೇಳಿಬಿಡ್ರಿ ಅಕ್ಕಾರ. ಗುರುವಾರ ಛಲೋ ದಿನ. ಅವತ್ತಿನಿಂದ ಹಿಡೀತೇನಿ.”

“ಏನು ಹಿಡೀತೀರಿ?”

“ವ್ರತ.”

ನನಗೆ ಸಂತೋಷವೇ ಆಯಿತು. ಏಕಾದಶಿಗೆ ನೀರೂ ಕುಡಿಯದೆ ಇರುವ ಹೆಣ್ಣುಮಗಳು. ಇಂಥ ನಿಷ್ಠೆಯ ರೋಗಿ ಯಾವ ಆಸ್ಪತ್ರೆಗೆ ಸಿಗುತ್ತಾರೆ? ಗುರುವಾರ ಅವರು ದೇವರ ಮುಂದೆ ಕುಳಿತು, ಕೈಯಲ್ಲಿ ಅಕ್ಷತೆ ಹಿಡಿದು ನೀರು ಬಿಟ್ಟು ಸಂಕಲ್ಪ ಮಾಡಿದರಂತೆ. ಮುಂದಿನ ಸಲ ಬಂದಾಗ ತೂಕ ಇಳಿದಿತ್ತು. ಅದರ ಮುಂದಿನ ಸಲವೂ ಇಳಿದಿತ್ತು. ನಾನು ಹೇಳಿದ್ದಕ್ಕಿಂತ ಕಡಿಮೆ ಉಣ್ಣುತ್ತಿದ್ದಾರೆಂದು ಅನುಮಾನ ಬಂದು, ಅಷ್ಟು ಬಿಗಿ ಬೇಡ ಎಂದೂ ಹೇಳಿದೆ.

ಶ್ರಾವಣ ಬಂತು. ಒಂದು ದಿನ ಓಪಿಡಿಯ ತಕ್ಕಡಿ ಹತ್ತಿದರೆ ಕಡ್ಡಿ ಮೇಲಕ್ಕೆ ಎದ್ದಿತು. ಇಳಿದದ್ದರಲ್ಲಿ ಅರ್ಧಕ್ಕರ್ಧ ವಾಪಸು ಬಂದಿತ್ತು.

“ಏನಾತ್ರಿ ವೈನಿ?”

“ಭಂಗ ಆತು” ಎಂದು ತಲೆ ತಗ್ಗಿಸಿದರು. “ಓಣ್ಯಾಗ ಅರಿಷಿಣ ಕುಂಕುಮಕ್ಕ ಕರೆದಿದ್ರು. ಪ್ರಸಾದದ ಉಂಡಿ ಕೊಟ್ರು. ಪ್ರಸಾದ ಒಲ್ಲೆ ಅನ್ನಲಿಕ್ಕೆ ಬರ್ತದೇನು? ಬಾಯಾಗ ಹಾಕ್ಕೊಂಡೆ. ವ್ರತ ಮುರೀತು. ಮುರಿದ ಮ್ಯಾಲ ಇನ್ನೇನದ? ಮುಂದಿನ ಗುರುವಾರದ ತನಕ ಉಂಡುಬಿಟ್ಟೆ.”

“ಎಷ್ಟು?”

“ಅದೊಂದು ಕೇಳಬ್ಯಾಡ್ರಿ.”

ತಕ್ಕಡಿಯ ಹತ್ತಿರ ನಿಂತಿದ್ದ ಆಯಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅದು ಬರೀ ನಗುವ ವಿಷಯವಾಗಿರಲಿಲ್ಲ. ಒಂದು ಉಂಡಿಯಿಂದ ಯಾರೂ ದಪ್ಪ ಆಗುವುದಿಲ್ಲ. ವ್ರತವೇ ಕೆಟ್ಟಿತು ಎಂದುಕೊಂಡು ಗುರುವಾರದವರೆಗೆ ಉಂಡ ಊಟ ಅವರನ್ನು ಹಿಂದಕ್ಕೆ ತಂದಿತ್ತು. ವ್ರತಕ್ಕೆ ಇರುವುದು ಎರಡೇ ಸ್ಥಿತಿ, ನಡೆಯುವುದು ಅಥವಾ ಮುರಿಯುವುದು. ನಮಗೆ ಬೇಕಾಗಿದ್ದದ್ದು ಇನ್ನೊಂದು ಬಗೆ.

“ವೈನಿ, ಸಾರಿಗೆ ಉಪ್ಪು ಹೆಚ್ಚು ಬಿದ್ರ ಏನು ಮಾಡ್ತೀರಿ?”

“ಒಂದಿಷ್ಟು ನೀರು, ಒಂದಿಷ್ಟು ಬ್ಯಾಳಿಕಟ್ಟು ಹಾಕ್ತೇನಿ.”

“ಮುಂದಿನ ಗುರುವಾರದ ತನಕ ಒಲಿ ಹಚ್ಚೂದು ಬಿಡ್ತೀರೇನು?”

ಅವರು ನನ್ನನ್ನು ನೋಡಿದರು. ಆಮೇಲೆ ಎಷ್ಟು ನಕ್ಕರೆಂದರೆ ಗಂಟು ಹೊರಬಂದು, ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಳ್ಳಬೇಕಾಯಿತು. “ನಗಸಬ್ಯಾಡ್ರಿ ನಮ್ಮವ್ವಾ, ಇಲ್ಲೇ ಆಪರೇಷನ್ ಆಗಿಹೋದೀತು” ಎಂದರು. ಸಂಕಲ್ಪವನ್ನು ಅವರು ದೇವರಿಗೇ ಒಪ್ಪಿಸಿ ಬಿಡಿಸಿಕೊಂಡರು. ಅದಾದ ಮೇಲೆ ಪ್ರಸಾದ ತಿಂದ ದಿನ ಸಂಜೆ ಒಂದು ಭಕ್ಕರಿಯ ಬದಲು ಅರ್ಧ ಭಕ್ಕರಿ. ಅಷ್ಟೇ ಲೆಕ್ಕ. ದಸರೆಯ ಹೊತ್ತಿಗೆ ಏಳು ಕಿಲೋ ಇಳಿದಿತ್ತು. ನನ್ನ ಕೆಲಸ ಮುಗಿಯುತ್ತ ಬಂತು ಎಂದುಕೊಂಡೆ.

ಅಲ್ಲಿಂದ ಮುಂದೆ ತೂಕ ಇಳಿಯಲಿಲ್ಲ.

ಏಳು ಕಿಲೋ ಆದ ಆ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ತಕ್ಕಡಿಯ ಕಲ್ಲು ಸರಿಸಿ ಅಂಕಿ ಹೇಳಿದ ಕೂಡಲೆ ಆಯಾ, “ಅಯ್ಯ, ವೈನ್ಯಾರ, ಗುರುತ ಸಿಗದಂಗ ತೆಳ್ಳಗ ಆಗಾಕತ್ತೀರಲ್ರಿ!” ಎಂದು ಕೈ ಹಿಡಿದುಕೊಂಡಳು. ಡಾಕ್ಟರು ಬಾಗಿಲಲ್ಲಿ ನಿಂತು, “ಶಾಭಾಸ್. ಇನ್ನ ಮೂರು. ಬರೋ ತಿಂಗಳು ಸರ್ಜನ್ ಬಂದಾಗ ಮುಗಿಸಿಬಿಡೂಣು” ಎಂದರು. ವೈನಿಯೂ ನಕ್ಕರು. ಮುಂದಿನ ಸಲ ಬಂದಾಗ ಎರಡು ಕಿಲೋ ಏರಿದ್ದರು. ಮತ್ತೆ ಇಳಿಸಿದೆವು. ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಮತ್ತೆ ಏರಿತು.

ನಾನು ಮೊದಲು ತಕ್ಕಡಿಯನ್ನೇ ಸಂಶಯಿಸಿದೆ. ಅಡುಗೆಮನೆಯ ಮುದ್ರೆ ಒತ್ತಿದ ತೂಕದ ಕಲ್ಲುಗಳನ್ನು ತಂದು ಹಲಗೆಯ ಮೇಲಿಟ್ಟು ನೋಡಿದೆ, ಸರಿ ಇತ್ತು. ಮೈಯಲ್ಲಿ ನೀರು ತುಂಬಿರಬಹುದೆಂದು ಡಾಕ್ಟರು ಅವರ ಕಾಲಿನ ಹರಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಕುಳಿ ಬೀಳಲಿಲ್ಲ. ಮುಟ್ಟಿನ ದಿನಗಳ ಹಿಂದುಮುಂದು ಇರಬಹುದೇ ಎಂದು ಕೇಳಿದೆ; ಅದೂ ಅಲ್ಲ. ಉಪ್ಪಿನಕಾಯಿ ಬಿಡಿಸಿದೆ. ಅನ್ನದ ಸೌಟು ಒಂದಕ್ಕಿಳಿಸಿದೆ. ಎಷ್ಟು ಬಿಗಿ ಮಾಡಿದೆನೋ ಅಷ್ಟು ಏರಿತು.

“ಕದ್ದು ತಿಂತಾರ” ಎಂದರು ಡಾಕ್ಟರು. “ಇದರಾಗ ಸಂಶೋಧನಾ ಏನದ?”

ತಿನ್ನುತ್ತಿದ್ದಾರೆ ಎಂಬುದು ನನಗೂ ಗೊತ್ತಿತ್ತು. ಯಾಕೆ ಆ ಒಂದು ಅಂಕಿಯ ಹತ್ತಿರ ಬಂದಾಗಲೇ ತಿನ್ನುತ್ತಾರೆ ಎಂಬುದು ಗೊತ್ತಿರಲಿಲ್ಲ. ನಡುವೆ ಒಮ್ಮೆ ಗಂಟು ಗಟ್ಟಿಯಾಗಿ, ಅರ್ಧ ದಿನ ಒಳಗೆ ಹೋಗಲಿಲ್ಲವಂತೆ. ತಾನಾಗಿ ಸರಿದು ಒಳಹೋಗಿದ್ದು ಪುಣ್ಯ. ಆ ಸುದ್ದಿ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ರಜೆ ಹಾಕಿ ಅಕ್ಕಿಆಲೂರಿನ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಅವರ ಅತ್ತೆ ಹತ್ತಿ ಬಿಡಿಸುತ್ತ ಕುಳಿತಿದ್ದರು. ಮಡಿಯ ಮುದುಕಿ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ನೀವೇ ಏನು ಊಟದ ಅಕ್ಕಾರು? ನಿಮ್ಮ ಮೈಯಾಗೇ ಏನೂ ಇಲ್ಲಲ್ಲ. ನಿಮ್ಮವ್ವ ಉಣ್ಣಲಿಕ್ಕೆ ಹಾಕಲಿಲ್ಲೇನು?”

“ಹಾಕ್ಯಾರ್ರಿ.”

“ಎಲ್ಲಿ ಹೋತು ಮತ್ತ?” ಎಂದವರು ಚಾಪೆ ತೋರಿಸಿದರು. “ಕೂಡ್ರಿ. ನಾ ನಿಮಗ ಒಂದು ಮಾತು ಹೇಳ್ತೇನಿ. ಸೊಸಿ ದಪ್ಪಿದ್ರ ಈ ಮನ್ಯಾಗ ಭರಪೂರ ಅದ ಅಂತಾರ ಮಂದಿ. ತೆಳ್ಳಗಾದ್ಲು ಅಂದ್ರ ಅತ್ತಿ ಉಪವಾಸ ಕೆಡವ್ಯಾಳ ಅಂತಾರ. ಅಂದ್ರ ಅನ್ಲಿ. ಜೀವದ ಮುಂದ ಮಂದಿ ಮಾತೇನು? ನಾನೇ ಅಕಿಗೆ ಭಕ್ಕರಿ ಬಡಿದು ಕೊಡ್ಲಿಕ್ಕತ್ತೇನಿ.”

ಆಮೇಲೆ ದನಿ ಇಳಿಸಿದರು. “ಈಗೀಗ ಎಲ್ಲಾರ ಊಟ ಆದ ಮ್ಯಾಲ ಅಡಿಗಿಮನಿ ಬಾಗಲಾ ಮುಂದ ಮಾಡ್ಕೋತಾಳ. ನಾ ಕೇಳೂದಿಲ್ಲ. ನೀವೂ ಕೇಳಬ್ಯಾಡ್ರಿ. ಕೇಳಿದ್ರ ಅಳ್ತಾಳ, ಅತ್ತು ಮತ್ತ ತಿಂತಾಳ.”

ವೈನಿ ಒಳಗಿನಿಂದ ಬಂದು ನನ್ನನ್ನು ನೋಡಿ ಗಾಬರಿಯಾದರು. ಏನೂ ಹೇಳದೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು ಹರಳು ಆರಿಸತೊಡಗಿದರು. ಅತ್ತೆ ಎದ್ದು ಒಳಗೆ ಹೋದರು. ಜನರನ್ನು ಮಾತಿಗೆ ಎಳೆಯುವ ಕಲೆ ನನಗೆ ಬರುವುದಿಲ್ಲ. ಮನೆಯಲ್ಲೂ ನನಗೆ ಮಾತಾಡದವಳು ಎಂಬ ಹೆಸರೇ ಇದೆ. ಇನ್ನೊಂದು ಮೊರ ಗೋಡೆಗೆ ಒರಗಿಸಿತ್ತು. ಅದನ್ನು ತೆಗೆದುಕೊಂಡು ಅರ್ಧ ಅಕ್ಕಿ ಹಾಕಿಕೊಂಡು ನಾನೂ ಆರಿಸುತ್ತ ಕುಳಿತೆ.

ಬಹಳ ಹೊತ್ತಾದ ಮೇಲೆ ಅವರೇ ಮಾತಾಡಿದರು.

“ಬೈಲಿಕ್ಕೆ ಬಂದೀರಿ.”

“ಇಲ್ರಿ.”

“ಮತ್ತ?”

“ನಮ್ಮ ತಕ್ಕಡಿ ಸರಿ ಅದ ಅಂತ ಹೇಳಲಿಕ್ಕೆ ಬಂದೆ.”

ಅವರ ತುಟಿ ಸ್ವಲ್ಪ ಅರಳಿತು. ಮೊರದಲ್ಲಿ ಬೆರಳು ನಿಂತಿತು.

“ಬೆಳಿಗ್ಗೆ ಸೀರಿ ಉಡ್ತೇನಲ್ಲ ಅಕ್ಕಾರ, ನಿರಿಗಿ ಹಿಡಿಯೋ ಮುಂದ ಒಂದು ನಿರಿಗಿ ಹೆಚ್ಚು ಬಂತು ಅಂದ್ರ ಎದಿ ಧಸಕ್ ಅಂತದ.”

ತೂಕ ಇಳಿದರೆ ಸೊಂಟ ಸಣ್ಣದಾಗುತ್ತದೆ; ಸೀರೆ ಅಷ್ಟೇ ಉದ್ದ; ನಿರಿಗೆ ಹೆಚ್ಚು ಬರುತ್ತದೆ. ನಮಗೆ ಅದು ಗೆಲುವು.

“ನಮ್ಮ ಅಕ್ಕ ಒಬ್ಬಾಕಿ ಇದ್ಲು. ಹೊಟ್ಟಿ ಬ್ಯಾನಿ ಅಂತ ದೂರದ ಊರಾಗ ಆಪರೇಷನ್ನಿಗೆ ಇಟ್ಟಿದ್ರು. ಕಟ್ಟಿಗಿ ಆಗಿದ್ಲು. ಹಿಂದಿನ ದಿನ ನಾನೇ ಸೀರಿ ಉಡಿಸಿದ್ದೆ. ನಿರಿಗಿ ಕೈಯಾಗ ಹಿಡೀಲಾರದಷ್ಟು ಬಂದಿದ್ವು. ‘ನೋಡ, ಮದವಿಯಾಗಿನಕಿಂತ ಹೆಚ್ಚು ನಿರಿಗಿ ಬಂದಾವ ನನಗ’ ಅಂತ ನಕ್ಕಿದ್ಲು. ಮರುದಿನ ಒಳಗ ಕರಕೊಂಡು ಹೋಗೋ ಮುಂದ ಮಂಗಳಸೂತ್ರ, ಬಳಿ, ಕಾಲುಂಗರ ಎಲ್ಲಾ ಬಿಚ್ಚಿಸಿಕೊಂಡ್ರು. ಕಾಗದದಾಗ ಪುಡಿಕಿ ಕಟ್ಟಿ ಭಾವನ ಕೈಯಾಗ ಕೊಟ್ರು. ಆ ಪುಡಿಕಿ ಅಷ್ಟ ಮನಿಗೆ ಬಂತು.”

ಅವರು ಅಳಲಿಲ್ಲ. ಒಂದು ಹರಳು ತೆಗೆದು ಪಕ್ಕಕ್ಕೆ ಹಾಕಿದರು.

“ನೀವು ಎಲ್ಲಾರೂ ತೆಳ್ಳಗಾದ್ರಿ ಅಂದಾಗ ಮನಿಗೆ ಬರೂ ತನಕ ತಡ್ಕೋತೇನಿ. ಮನಿಗೆ ಬಂದ ಕೂಡಲೆ ಉಣಬೇಕು ಅನಸ್ತದ. ಹಸಿವ್ಯಲ್ಲ. ಹೊಟ್ಟಿ ತುಂಬಿ ಭಾರ ಆತು ಅಂದ್ರ ಜೀವಕ್ಕ ಸಮಾಧಾನ. ಅವತ್ತಿಗೆ ಪಾರಾದೆ ಅಂತ.”

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು ಅದನ್ನೇ ಯೋಚಿಸಿದೆ. ಹತ್ತು ಕಿಲೋ ಇಳಿಸಿದ ದಿನವೇ ಆಪರೇಷನ್ ಎಂದು ನಾವೇ ಗೆರೆ ಎಳೆದಿದ್ದೆವು. ನಮಗೆ ಆ ಗೆರೆ ಗುರಿ. ಅವರಿಗೆ ಅದರಾಚೆ ಅಕ್ಕ ಹೋದ ಬಾಗಿಲು. ನಮ್ಮ ಒಂದೊಂದು ಶಾಭಾಸೂ ಅವರನ್ನು ಆ ಬಾಗಿಲ ಕಡೆಗೆ ಒಂದು ಹೆಜ್ಜೆ ನೂಕುತ್ತಿತ್ತು. ಅವರು ಅನ್ನದ ಪಾತ್ರೆ ಹಿಡಿದುಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ನಾನು ಸೌಟಿನ ಲೆಕ್ಕ ಎಷ್ಟು ತಿದ್ದಿದರೂ ಪ್ರಯೋಜನವಿರಲಿಲ್ಲ. ಮೊದಲು ತೆಗೆಯಬೇಕಾದದ್ದು ಅನ್ನವಲ್ಲ, ತಾರೀಖು.

ಮರುದಿನ ಡಾಕ್ಟರ ಎದುರು ನಿಂತು ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

“ತಾರೀಖು ತೆಗೀರಿ ಅಂದ್ರ? ಅದು ಹರ್ನಿಯಾ ಬಾಯಾರ. ಬಿಸಲು ಬಿದ್ದಾಗ ಮಾಡಿಕೊಳ್ಳಲಿಕ್ಕೆ ಹಪ್ಪಳ ಸಂಡಿಗಿ ಅಲ್ಲ.”

“ತೂಕ ಇಳಿದ್ರ ಆಪರೇಷನ್ ಅಂತ ನಾವು ಹೇಳೇವ್ರಿ. ಅದಕ್ಕ ಅವರಿಗೆ ಇಳಿಲಿಕ್ಕೆ ಆಗವಲ್ದು.”

“ನೀವು ಊಟಾ ನೋಡ್ರಿ. ಮನಸ್ಸು ನೋಡೋ ಡಾಕ್ಟರು ಬ್ಯಾರೆ ಅದಾರ.”

“ಊಟಾನೇ ನೋಡ್ಲಿಕ್ಕತ್ತೇನ್ರಿ. ಅವರು ಉಣ್ಣೂದು ಅಂಜಿಕಿಗೆ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು. “ನಡುವ ಕರುಳು ಸಿಕ್ಕೊಂಡ್ರ ಯಾರು ಜವಾಬ್ದಾರಿ? ನೀವೇನು?”

ಈಗ ನಡೆದಂತೆ ನಡೆದರೂ ಸಿಕ್ಕಿಕೊಳ್ಳಬಹುದು, ತೂಕ ಏರಿದರೆ ಇನ್ನೂ ಬೇಗ ಎಂದಷ್ಟೇ ಹೇಳಿದೆ. ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಕೊನೆಗೆ ಒಪ್ಪಿದರು. ಷರತ್ತು ಹಾಕಿದರು. ಗಂಟು ಕಲ್ಲಿನಂತಾದರೆ, ಮಲಗಿದರೂ ಒಳಗೆ ಹೋಗದಿದ್ದರೆ, ವಾಂತಿ ಶುರುವಾದರೆ ಏನು ಮಾಡಬೇಕೆಂದು ವಕೀಲರಿಗೂ ಅತ್ತೆಗೂ ಬಿಡಿಸಿ ಹೇಳಬೇಕು. ಹಾಗಾದ ಕೂಡಲೆ ಗಾಡಿ ಮಾಡಿಕೊಂಡು ನೇರ ಹುಬ್ಬಳ್ಳಿಗೆ ಹೋಗಬೇಕು. ಹಾನಗಲ್ಲಿಗೆ ಬಂದು ಹೊತ್ತು ಕಳೆಯಬಾರದು. ಇಷ್ಟಕ್ಕೆ ಒಪ್ಪಿದರೆ ಆಪರೇಷನ್ನಿನ ದಿನ ವೈನಿಯೇ ಹೇಳಲಿ.

ಇದನ್ನು ಹೇಳಲು ವೈನಿಯನ್ನು ಕರೆಸಿದೆವು. ಮೊದಲು ಅವರು ನಂಬಲಿಲ್ಲ.

“ನಾ ಹೇಳೂ ತನಕ ಮಾಡೂದಿಲ್ಲ?”

“ಮಾಡೂದಿಲ್ರಿ.”

“ಹತ್ತು ಕಿಲೋ ಇಳಿದ್ರೂ?”

“ಇಪ್ಪತ್ತು ಇಳಿದ್ರೂ ಮಾಡೂದಿಲ್ಲ, ನೀವು ಒಲ್ಲೆ ಅಂದ್ರ” ಎಂದರು ಡಾಕ್ಟರು, ನನ್ನ ಕಡೆ ಒಮ್ಮೆ ನೋಡಿ. “ಆದ್ರ ಭಾಳ ಕಾಯಿಸಬ್ಯಾಡ್ರಿ. ಯಾಕ ಅಂತ ನಿಮಗ ಗೊತ್ತದ.”

ಅದೇ ದಿನ ಆಪರೇಷನ್ ಕೋಣೆ ಖಾಲಿ ಇತ್ತು. ಅವರಿಗೆ ಅದನ್ನು ತೋರಿಸಬೇಕೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ಕಾಣದ ಕೋಣೆಯಲ್ಲಿ ಏನು ಬೇಕಾದರೂ ಇರಬಹುದು. ಕಂಡದ್ದರಲ್ಲಿ ಇದ್ದಷ್ಟೇ ಇರುತ್ತದೆ. ಸಿಸ್ಟರ್ ಬಾಗಿಲು ತೆರೆದು ದೀಪ ಹಾಕಿದರು. ಸುಣ್ಣದ ಗೋಡೆ, ಡೆಟಾಲಿನ ವಾಸನೆ, ನಡುವೆ ಮೇಜು. ವೈನಿ ಹೊಸ್ತಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಬಂದು ಮೇಜನ್ನು ಒಂದು ಬೆರಳಿನಿಂದ ಮುಟ್ಟಿದರು.

“ಇಷ್ಟ ಅಗಲ? ನಾ ಹಿಡಸ್ತೇನೇನು ಇದರಾಗ?”

“ನಿಮ್ಮಕಿಂತ ದೊಡ್ಡವರನ್ನ ಹಿಡಸೇವ್ರಿ” ಎಂದರು ಸಿಸ್ಟರ್.

ತಲೆ ಯಾವ ಕಡೆ ಬರುತ್ತದೆ, ಯಾರು ಯಾರು ಒಳಗೆ ಇರುತ್ತಾರೆ, ಎಚ್ಚರ ಇರುತ್ತದೋ ಇಲ್ಲವೋ, ಹೊರಗಿನ ಮಾತು ಕೇಳಿಸುತ್ತದೋ. ಒಂದಾದ ಮೇಲೊಂದು ಕೇಳಿದರು. ಕೊನೆಗೆ ಕೊರಳಿಗೆ ಕೈ ಹೋಯಿತು.

“ಇದನ್ನ ಬಿಚ್ಚಲಿಕ್ಕೇ ಬೇಕೇನು?”

“ಬಂಗಾರ ಇರಬಾರದ್ರಿ ಒಳಗ. ಯಾವ ಲೋಹಾನೂ ಇರಬಾರದು” ಎಂದರು ಡಾಕ್ಟರು.

“ಅರಿಷಿಣ ಕೊಂಬು?”

ಡಾಕ್ಟರಿಗೆ ಕೂಡಲೆ ಅರ್ಥವಾಗಲಿಲ್ಲ. ನಮ್ಮ ಕಡೆ ಮಂಗಳಸೂತ್ರ ಹರಿದರೆ, ಪೋಣಿಸಿಕೊಂಡು ಬರುವವರೆಗೆ ಕೊರಳು ಬರಿದಾಗಬಾರದೆಂದು ಹಸಿ ದಾರಕ್ಕೆ ಅರಿಷಿಣದ ಕೊಂಬು ಕಟ್ಟಿಕೊಳ್ಳುತ್ತಾರೆ. ಮೆಲ್ಲಗೆ ಹೇಳಿದೆ. ಅವರ ಮುಖ ಸಡಿಲಾಯಿತು.

“ಅರಿಷಿಣ ಕೊಂಬಿಗೆ ನಂದೇನು ತಕರಾರು? ಕಟ್ಟಿಕೊಳ್ರಿ. ದಾರ ಮಾತ್ರ ಸ್ವಚ್ಛ ಇರಲಿ.”

“ಇನ್ನೊಂದು. ಬಿಚ್ಚಿದ್ದನ್ನ ಕಾಗದದಾಗ ಕಟ್ಟಬಾರದು. ನಮ್ಮನಿಯವರ ಕೈಯಾಗೂ ಕೊಡಬಾರದು.” ಅವರು ನನ್ನತ್ತ ತಿರುಗಿದರು. “ಅಕ್ಕಾರು ಕೈಯಾಗ ಹಿಡಕೊಂಡು ಹೊರಗ ಕೂಡ್ರಲಿ. ನಾ ಬಂದು ಇಸಗೊಳ್ತೇನಿ.”

ಬೇರೆಯವರ ಖಾಸಗಿ ವಸ್ತು ಮುಟ್ಟುವುದೂ ನನಗೆ ಸಂಕೋಚ. ಆದರೂ ಹೂಂ ಎಂದೆ.

ಅಲ್ಲಿಂದ ನಮ್ಮ ರೀತಿ ಬದಲಾಯಿತು. ತಕ್ಕಡಿ ಹತ್ತಿದಾಗ ಅಂಕಿ ಗಟ್ಟಿಯಾಗಿ ಹೇಳುವುದನ್ನು ಬಿಟ್ಟೆ. ಅವರು ಕೇಳಿದರೆ ಮಾತ್ರ ಹೇಳುವುದು. ತೆಳ್ಳಗಾದಿರಿ ಎಂದು ಯಾರೂ ಅನ್ನಬಾರದೆಂದು ಆಯಾಗೆ ತಾಕೀತು ಮಾಡಿದೆ.

“ಮತ್ತೇನನ್ಲಿ ಅಕ್ಕಾರ? ಬಂದವರನ್ನ ಸುಮ್ಮ ನೋಡಕೋತ ನಿಂದರಲೇನು?”

“ಬಸ್ ಲಗೂ ಸಿಕ್ಕಿತೇನ್ರಿ ಅನ್ನು.”

ಅಂದಿನಿಂದ ಅವಳು ವೈನಿ ಬಂದಾಗಲೆಲ್ಲ ಅವರ ಸಡಿಲವಾದ ಕುಪ್ಪಸವನ್ನು ಕಣ್ಣು ತುಂಬ ನೋಡಿ, ನಾಲಿಗೆ ಕಚ್ಚಿಕೊಂಡು, “ಬಸ್ ಲಗೂ ಸಿಕ್ಕಿತೇನ್ರಿ?” ಎನ್ನುತ್ತಿದ್ದಳು. ಅಕ್ಕಿಆಲೂರಿನ ಬಸ್ಸಿನ ಬಗ್ಗೆ ಅಷ್ಟು ಕಾಳಜಿ ಡಿಪೋದವರಿಗೂ ಇರಲಿಲ್ಲ.

ಮನೆಯಲ್ಲಿ ಅತ್ತೆ ತಮ್ಮ ಮಣೆಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡರು. ಸೊಸೆ ಉಣ್ಣುವವರೆಗೆ ಅಲ್ಲೇ ಕುಳಿತು ಊರ ಸುದ್ದಿ ಹೇಳುವುದು, ತಟ್ಟೆಯ ಕಡೆ ನೋಡದಿರುವುದು. ಇದು ನಾನು ಕೇಳಿಕೊಂಡದ್ದು. ಒಬ್ಬರೇ ಕುಳಿತಾಗ ಬರುವ ಅಂಜಿಕೆಗೆ ಜೊತೆ ಇದ್ದರೆ ಜೋರು ಕಡಿಮೆ. ಅನ್ನವನ್ನು ಮತ್ತೆ ಎರಡು ಸೌಟಿಗೆ ಏರಿಸಿದೆ. ಉಣಬೇಕು ಅನಿಸಿದಾಗ ತಡೆಯಬೇಡಿ, ಮೊದಲು ಇದು ಹಸಿವೋ ಅಂಜಿಕೆಯೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಅಂಜಿಕೆಯಾದರೆ ಅತ್ತೆಗೆ ಹೇಳಿ ಎಂದೆ. “ಹೇಳಿದ್ರ ಅವರು ಏನು ಮಾಡ್ತಾರ?” ಎಂದು ಕೇಳಿದರು. ಮುಂದಿನ ಸಲ ಅವರೇ ಉತ್ತರ ತಂದರು. “‘ನನಗೂ ಅಂಜಿಕಿ ಬರ್ತದ, ಸರಿ ಅತ್ತಾಗ’ ಅಂತ ಬಾಜೂಕ ಕೂಡ್ರತಾರ. ಇಬ್ಬರೂ ಅಂಜಿಕೋತ ಕೂಡ್ರತೇವಿ. ಒಂದಿಷ್ಟು ಹೊತ್ತಿಗೆ ನಗಿ ಬರ್ತದ.”

ಎಲ್ಲ ದಿನವೂ ಹಾಗಿರಲಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಯಾರೋ ಆಪರೇಷನ್ ಸುದ್ದಿ ಎತ್ತಿ, ಅವರು ಮನೆಗೆ ಬಂದು ಹೋಳಿಗೆಯ ಬುಟ್ಟಿ ಖಾಲಿ ಮಾಡಿದ್ದೂ ಉಂಟು. ಅದನ್ನು ಅವರೇ ಬಂದು, ತಕ್ಕಡಿ ಹತ್ತುವ ಮೊದಲೇ, ತಲೆ ತಗ್ಗಿಸದೆ ಹೇಳಿದರು. ತೂಕ ಒಂದಿಷ್ಟು ಏರಿತು, ಮತ್ತೆ ಇಳಿಯಿತು. ಹಿಂದೆ ಸಿಕ್ಕಿಬೀಳುತ್ತಿದ್ದ ಅಂಕಿಯನ್ನು ಯಾವಾಗ ದಾಟಿದರೋ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಬರುವ ದಿನವಲ್ಲದಿದ್ದರೂ ಬಂದರು. ಹಸಿರು ಸೀರೆ, ಮುಂದೆ ತುಂಬು ನಿರಿಗೆ. ನಾನು ಅಡುಗೆಮನೆಯಲ್ಲಿ ನುಚ್ಚು ಅಳೆಸುತ್ತಿದ್ದೆ. ಬಾಗಿಲಲ್ಲೇ ನಿಂತು ಹೇಳಿದರು.

“ಸರ್ಜನ್ ಬರೋ ವಾರ ಬರ್ತಾರಂತಲ್ಲ. ಆಪರೇಷನ್ ಹಚ್ಚಿಬಿಡ್ರಿ.”

“ಇನ್ನ ಒಂದೂವರಿ ಕಿಲೋ ಅದ ವೈನಿ. ಅವಸರ ಇಲ್ಲ.”

“ಅದು ನಿಮ್ಮ ಲೆಕ್ಕ. ನನ್ನ ಅಂಜಿಕಿ ಇವತ್ತು ಸಣ್ಣದಾಗೇದ. ನಾಳೆ ಮತ್ತ ದಪ್ಪ ಆದ್ರ?”

ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿದರು. ಹತ್ತು ಆಗಿಲ್ಲವಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ, “ಇರಲಿ, ಇಷ್ಟರಾಗ ಹೊಲಿಗಿ ನಿಲ್ತದ” ಎಂದರು.

ಮರುದಿನ ಮುಂಜಾನೆ ವೈನಿ ಸ್ಟ್ರೆಚರ್ ಒಲ್ಲೆ ಎಂದರು. ವಕೀಲರು ವರಾಂಡದಲ್ಲಿ ಕಂಬ ಹಿಡಿದು ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. “ನಿಮಗ ಅದರ ಮ್ಯಾಲ ಮಲಗೂದಿದ್ರ ಮಲಗ್ರಿ” ಎಂದು ಅವರಿಗೆ ಹೇಳಿ, ಕೊರಳಿಗೆ ಅರಿಷಿಣ ಕೊಂಬಿನ ದಾರ ಕಟ್ಟಿಕೊಂಡು ಮಂಗಳಸೂತ್ರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ನಡೆದುಕೊಂಡೇ ಒಳಗೆ ಹೋದರು. ಅದಕ್ಕೆ ಅವರ ಮೈಯ ಬಿಸಿ ಇನ್ನೂ ಇತ್ತು. ನಾನು ಬೆಂಚಿನ ಮೇಲೆ ಕುಳಿತು ಮುಷ್ಟಿ ಮುಚ್ಚಿದೆ. ಅತ್ತೆ ಎದುರಿಗೆ ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದರು. ಬಾಗಿಲು ತೆರೆಯುವವರೆಗೆ ನಾನು ಏಳಲಿಲ್ಲ. ವಾರ್ಡಿನ ಊಟಕ್ಕೆ ಕೇಳಲು ಬಂದವರಿಗೆ ಕಣ್ಣಿನಲ್ಲೇ ಹೋಗಿ ಎಂದೆ. ಡಾಕ್ಟರು ಹೊರಬಂದು ಮೊದಲು ಅತ್ತೆಯ ಕಡೆಗೆ ನೋಡಿದರು. “ಛಲೋ ಆತ್ರಿ” ಎಂದರು. ವಕೀಲರು ಅಲ್ಲೇ ಕುಸಿದು ಕುಳಿತರು.

ಸಂಜೆಯ ಹೊತ್ತಿಗೆ ವೈನಿ ಪೂರ್ತಿ ಎಚ್ಚರವಾದರು. ತುಟಿ ಒಣಗಿತ್ತು. ಹತ್ತಿ ಒದ್ದೆ ಮಾಡಿ ಒರೆಸಿದೆ. ನನ್ನ ಮುಷ್ಟಿಯಲ್ಲಿದ್ದದ್ದನ್ನು ಅವರ ಕೈಗೆ ಕೊಟ್ಟೆ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಮೇಲಿನ ಮಾಡನ್ನು ನೋಡುತ್ತ ಮಲಗಿದ್ದರು.

“ಮುಗೀತೇನು?”

“ಮುಗೀತ್ರಿ.”

“ಇನ್ನ ಒಳಗ ಕರಕೊಂಡು ಹೋಗೂದಿಲ್ಲಲ್ಲ?”

“ಇಲ್ರಿ.”

ಕಣ್ಣು ಮುಚ್ಚಿದರು. ನಿದ್ದೆ ಬಂತೆಂದು ನಾನು ಎದ್ದೆ.

“ಅಕ್ಕಾರ,” ದನಿ ಮೆಲ್ಲಗಿತ್ತು, “ಆ ಒಂದೂವರಿ ಕಿಲೋ ಉಳದಿತ್ತಲ್ಲ. ಅದನ್ನ ಯಾವಾಗಿಂದ ಸುರು ಮಾಡೂಣು?”